ಹೊಟ್ಟೆಯ ಕೆಳಗಿನ ಬಣ್ಣ

ಅಮೋಘಸಿದ್ದಪ್ಪನವರು ವಿಮಾನದ ಹೊಟ್ಟೆಯ ಕೆಳಗೆ ಅಂಗಾತ ಮಲಗಿ ಕಾಲು ಗಂಟೆಯಾಗಿತ್ತು. ಶೆಡ್ಡಿನ ತಗಡು ಬೆಳಗಿನ ಬಿಸಿಲಿಗೆ ಆಗಲೇ ಕಾದು ಟಿಕ್ ಟಿಕ್ ಎನ್ನುತ್ತಿತ್ತು. ಹೊರಗೆ ಚಾಚಿದ ಅವರ ಎರಡು ಪಾದಗಳು ಮಾತ್ರ ಶಿವರಾಜನಿಗೆ ಕಾಣುತ್ತಿದ್ದವು.

"ಇದಕ್ಕ ಬಣ್ಣ ಯಾವಾಗ ಹಚ್ಚಿದ್ದು?" ಕೆಳಗಿನಿಂದಲೇ ಕೇಳಿದರು.

"ಹೋದ ವರ್ಷ, ಬೊಂಬಾಯಿದಾಗ," ದೇವಿದಾಸ ತಟ್ಟನೆ ಹೇಳಿದ. ಹಳೆಯ ವಿಮಾನಗಳನ್ನು ಒಬ್ಬರಿಂದ ಕೊಂಡು ಇನ್ನೊಬ್ಬರಿಗೆ ದಾಟಿಸುವ ದಲಾಲಿ ಆತನದು. ರಾಜೇಶ್ವರದ ಈ ಕೆಂಪು ಮರಡಿಯ ಮೇಲೆ ನಿಂತಿದ್ದರೂ ಅವನ ಬಿಳಿ ಬೂಟಿಗೆ ಧೂಳು ಹತ್ತಿರಲಿಲ್ಲ. "ಸಾವಕಾರ್ರೂ ನೋಡ್ಯಾರ. ಬೇಕಾದ್ರ ಅವರ್ನೇ ಕೇಳ್ರಿ."

"ಹೌದೇನ್ರಿ ಶಿವರಾಜಪ್ಪ?"

"ಹೌದ್ರಿ," ಎಂದ ಶಿವರಾಜ.

ಅದು ಸುಳ್ಳು. ಅಷ್ಟು ಸಲೀಸಾಗಿ ಬಂದ ಸುಳ್ಳಿಗೆ ಅವನ ಕಿವಿ ಬಿಸಿಯಾದವು. ಒಬ್ಬ ಮನುಷ್ಯನನ್ನು ಹುಡುಕಿಕೊಡಿ ಎಂದು ತಾನೇ ಕೈ ಮುಗಿದು ಕರೆತಂದ ಹಿರಿಯರಿಗೆ, ಅವರು ಮಣ್ಣಿನಲ್ಲಿ ಮಲಗಿ ಕೇಳಿದ ಪ್ರಶ್ನೆಗೆ, ನಿಂತಲ್ಲೇ ಸುಳ್ಳು ಹೇಳಿದ್ದ.

ಒಂಬತ್ತು ದಿನದ ಹಿಂದೆ, ಈ ವಿಮಾನವನ್ನು ಕೊಳ್ಳಬಹುದೋ ಬಾರದೋ ಎಂದು ಹೇಳಬೇಕಾಗಿದ್ದ ಮೆಕ್ಯಾನಿಕ್ ಏಕನಾಥ ಬಸವಕಲ್ಯಾಣದ ತನ್ನ ಮನೆಯಿಂದ ಸೈಕಲ್ ಹತ್ತಿ ಹೊರಟವನು ಮರಳಿ ಬಂದಿರಲಿಲ್ಲ.

ಅಮೋಘಸಿದ್ದಪ್ಪನವರು ನಿಧಾನಕ್ಕೆ ಹೊರಗೆ ಸರಿದು ಎದ್ದು ಕೂತರು. ಮುಡಬಿಯ ಕುರುಬರ ಮನೆತನದವರು. ನಿಜಾಮನ ಕಾಲದಲ್ಲಿ ಪೊಲೀಸಿಗೆ ಸೇರಿ, ರಾಜ್ಯ ಬದಲಾದ ಮೇಲೂ ಅದೇ ಕೆಲಸದಲ್ಲಿದ್ದು, ಸಬ್‌ಇನ್‌ಸ್ಪೆಕ್ಟರರಾಗಿ ನಿವೃತ್ತರಾಗಿ ನಾಲ್ಕು ವರ್ಷವಾಗಿತ್ತು. ಜನ ಈಗಲೂ ಹಳೆಯ ರೂಢಿಯಂತೆ ಅಮೀನಸಾಬರು ಎಂದೇ ಕರೆಯುತ್ತಿದ್ದರು. ಅವರ ತಮ್ಮಂದಿರು ಇನ್ನೂ ಕುರಿ ಕಾಯುತ್ತಿದ್ದರು. ಅವರ ಮಾತೂ ಅಲ್ಲಿಂದಲೇ ಬರುತ್ತಿತ್ತು.

"ನಮ್ಮ ಮಂದಿ ಕುರಿ ತಗೊಳ್ಳೋವಾಗ ಮೊದಲ ಹೊಟ್ಟಿ ಕೆಳಗ ಕೈ ಹಾಕ್ತಾರ," ಎಂದರು. "ಬೆನ್ನ ಮ್ಯಾಲಿನ ಉಣ್ಣೆ ಎಲ್ಲಾರಿಗೂ ಕಾಣಸ್ತದ."

ಅವರ ಬೆರಳಿನ ಉಗುರಲ್ಲಿ ಕೆಂಪು ಗರಸು ಮಣ್ಣು ಸಿಕ್ಕಿಕೊಂಡಿತ್ತು. ಅದನ್ನು ಮೂಸಿ ನೋಡಿದರು. ದೇವಿದಾಸನನ್ನು ಏಕನಾಥನ ವಿಷಯ ಮತ್ತೊಮ್ಮೆ ಕೇಳಿದರು. ಹೋದ ವಾರದ ಮಂಗಳವಾರ ಇದೇ ಶೆಡ್ಡಿನಲ್ಲಿ ಕಂಡದ್ದೇ ಕೊನೆ, ಆಮೇಲೆ ಆತನ ಮುಖ ನೋಡಿಲ್ಲ ಎಂದು ದೇವಿದಾಸ ಮೊದಲು ಹೇಳಿದ್ದನ್ನೇ ಹೇಳಿದ. ಭಾನುವಾರ ಪುಣೆಯಿಂದ ಬೇರೆ ಗಿರಾಕಿ ಬರುತ್ತಾನೆ, ಸಾವಕಾರರು ಬೇಗ ಮನಸ್ಸು ಮಾಡದಿದ್ದರೆ ವಿಮಾನ ಕೈಬಿಟ್ಟು ಹೋಗುತ್ತದೆ ಎಂದೂ ಸೇರಿಸಿದ. ಹಾಗೆ ಹೇಳುವಾಗ ಶಿವರಾಜನ ಕಡೆ ನೋಡಿ ತುಟಿಯಂಚಿನಲ್ಲಿ ನಕ್ಕ.

ಅಮೀನಸಾಬರು ವಿಮಾನದ ದಾಖಲೆ ಪುಸ್ತಕ ತೆಗೆಸಿ ಹಾಳೆ ಹಾಳೆ ತಿರುವಿದರು. ಕೊನೆಯ ಬರಹ ಆಗಸ್ಟ್ ತಿಂಗಳದ್ದು. ಈಗ ನವೆಂಬರ್.

ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು, "ನಡೀರಿ, ಸೋನುಬಾಯಿ ಅವರ ಮನಿಗಿ ಹೋಗೋಣ," ಎಂದರು.

ಏಕನಾಥನ ಹೆಂಡತಿಯ ಮುಂದೆ ನಿಲ್ಲುವುದೊಂದನ್ನು ಬಿಟ್ಟು ಬೇರೇನು ಹೇಳಿದರೂ ಶಿವರಾಜ ಸಂತೋಷದಿಂದ ಮಾಡುತ್ತಿದ್ದ.

ಜೀಪು ಹೆದ್ದಾರಿಗೆ ಬಂದಾಗ ಅಮೀನಸಾಬರು ಈ ವಿಮಾನ ಕೊಳ್ಳುವ ಕಥೆ ಏನೆಂದು ಕೇಳಿದರು. ಶಿವರಾಜ ಹೇಳಿದ.

ಹುಮನಾಬಾದಿನ ತೊಗರಿ ಬೇಳೆ ಮಿಲ್ಲಿನ ತುಳಜಾರಾಮ ಸಾವಕಾರರ ಒಬ್ಬನೇ ಮಗ ಅವನು. ವಯಸ್ಸು ಇಪ್ಪತ್ತಾರು. ಪೈರಿಗೆ ಔಷಧ ಸಿಂಪಡಿಸುವ ವಿಮಾನಗಳು ಮೂರು ವರ್ಷದ ಹಿಂದೆ, ಎಪ್ಪತ್ತೊಂದರಲ್ಲಿ, ರಾಜೇಶ್ವರದ ಮರಡಿಯ ಮೇಲೆ ಇಳಿದಾಗಿನಿಂದ ಅವನಿಗೆ ಹಾರುವ ಹುಚ್ಚು ಹಿಡಿದಿತ್ತು. ಹೈದರಾಬಾದಿಗೆ ಹೋಗಿ ಕಲಿಯಲು ಸೇರಿದ. ಈವರೆಗೆ ಮೂವತ್ತೆಂಟು ಗಂಟೆ ಹಾರಿದ್ದ. ಅಷ್ಟರಲ್ಲೇ ಸ್ವಂತ ವಿಮಾನ ಬೇಕೆನಿಸಿತು.

ಮಾರಾಟಕ್ಕೆ ಎರಡಿದ್ದವು. ಒಂದು ನಿಧಾನದ್ದು. ನೂರೈವತ್ತು ಕುದುರೆಶಕ್ತಿಯ ಇಂಜಿನು, ಸದಾ ಕೆಳಗೇ ಇರುವ ಗಾಲಿಗಳು. ಅವನು ಕಲಿಯುತ್ತಿದ್ದುದೂ ಅಂಥದರಲ್ಲೇ. ಇನ್ನೊಂದು ಈ ದೇವಿದಾಸನದು. ಇನ್ನೂರ ಎಂಬತ್ತೈದು ಕುದುರೆಶಕ್ತಿ. ಮೇಲೇರಿದ ಕೂಡಲೇ ಗಾಲಿಗಳನ್ನು ಹೊಟ್ಟೆಯೊಳಗೆ ಮಡಚಿಕೊಳ್ಳುತ್ತದೆ. ಹೈದರಾಬಾದಿಗೆ ಅರ್ಧ ಗಂಟೆ. ಕಲಿಸುವ ಗುರುಗಳು ಮೊದಲನೆಯದನ್ನೇ ತೊಗೊ ಎಂದಿದ್ದರು. ದೇವಿದಾಸ ಮಾತ್ರ, "ಎತ್ತಿನ ಗಾಡಿ ಹೊಡ್ಯಾಕ ವಿಮಾನ ಯಾಕ ಬೇಕ್ರಿ ಸಾವಕಾರ್ರ?" ಎಂದಿದ್ದ. ಆ ಒಂದು ಮಾತು ಅವನ ತಲೆಯಲ್ಲಿ ಕೂತುಬಿಟ್ಟಿತ್ತು.

"ಏಕನಾಥ ಏನಂದ್ರು?"

ಶಿವರಾಜ ಗೇರು ಬದಲಿಸಿದ. ಬದಲಿಸುವ ಅಗತ್ಯವಿರಲಿಲ್ಲ.

ಏಕನಾಥ ಹದಿನೈದು ವರ್ಷ ವಾಯುಪಡೆಯಲ್ಲಿ ಇಂಜಿನ್ ಕೆಲಸ ಮಾಡಿ ಬಂದವನು. ಬಸವಕಲ್ಯಾಣದಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ ಇಟ್ಟಿದ್ದ. ಮಿಲ್ಲಿನ ಇಂಜಿನ್ ಕೆಟ್ಟರೂ ಅವನೇ ಬರುತ್ತಿದ್ದ. ಶಿವರಾಜ ಚಿಕ್ಕಂದಿನಿಂದ ಕಾಕಾ ಎಂದೇ ಕರೆದವನು. ವಿಮಾನ ನೋಡಿಕೊಡು ಎಂದು ಆತನನ್ನು ಕರೆದದ್ದೂ ಶಿವರಾಜನೇ. ಆದರೆ ಹುಮನಾಬಾದಿನ ಹೋಟೆಲಿನಲ್ಲಿ, ಗೆಳೆಯರೆಲ್ಲ ಕೂತಿದ್ದಾಗ, ಏಕನಾಥ ಮೆಲ್ಲಗೆ, ಇದು ಈಗ ಬೇಡ ಅಪ್ಪಾ, ಇನ್ನೊಂದು ವರ್ಷ ತಡಿ ಎಂದಿದ್ದ. ಗೆಳೆಯನೊಬ್ಬ ನಕ್ಕ. ಶಿವರಾಜನಿಗೆ ಅವಮಾನವೆನಿಸಿ, ಪಂಪು ರಿಪೇರಿ ಮಾಡುವವರಿಗೆ ವಿಮಾನದ ಉಸಾಬರಿ ಯಾಕೆ ಎಂದುಬಿಟ್ಟ. ಏಕನಾಥ ಬಸಿಯಲ್ಲಿದ್ದ ಚಹಾ ಪೂರ್ತಿ ಕುಡಿದು, ಬರ್ತೀನಪ್ಪಾ ಎಂದು ಎದ್ದು ಹೋದ.

ಇಷ್ಟನ್ನು ಹೇಳಿದ. ಇದಾದ ಮೂರು ದಿನಕ್ಕೆ, ಆ ಮಂಗಳವಾರ ನಡೆದದ್ದನ್ನು ಹೇಳಲಿಲ್ಲ.

ಅಮೀನಸಾಬರು ಹೊರಗೆ ತೊಗರಿ ಹೊಲಗಳನ್ನು ನೋಡುತ್ತ, "ಹೂಂ," ಎಂದರು. ಸಸ್ತಾಪುರ ಬಂಗ್ಲೆಯ ಬಳಿ ಜೀಪು ಬಸವಕಲ್ಯಾಣದ ರಸ್ತೆಗೆ ಹೊರಳಿತು.

ಸೋನುಬಾಯಿ ಕೋಟೆಯ ಹಿಂದಿನ ಓಣಿಯ ತನ್ನ ಮನೆಯ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಇವರನ್ನು ಕಂಡು ಸೆರಗು ಸರಿಪಡಿಸಿಕೊಂಡು ಎದ್ದಳು. ಚಾಪೆ ಹಾಸಿದಳು. ನೀರು ಕೊಟ್ಟಳು. ಶಿವರಾಜನಿಗೆ ಒಂದು ತುಣುಕು ಬೆಲ್ಲವನ್ನೂ ತಂದಿಟ್ಟಳು. ಚಿಕ್ಕವನಿದ್ದಾಗ ಅವನು ತಂದೆಯ ಜೊತೆ ಬಂದಾಗ ಇಡುತ್ತಿದ್ದಂತೆ. ಅವಳು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಸಣ್ಣ ಸಾವಕಾರ್ರ, ನೀವು ಬಂದಿದ್ದು ಛಲೋ ಆತು," ಎಂದಳು. "ಅವರು ನಿಮ್ಮ ಸಲುವಾಗಿ ಏನೋ ಬರದಿಟ್ಟಾರ. ನಂಗ ಓದಾಕ ಬರಂಗಿಲ್ಲ. ಜರಾ ಓದಿ ಹೇಳ್ರಿ."

ಗೂಡಿನಿಂದ ಎಣ್ಣೆಯ ಕಲೆಯಾದ ಒಂದು ನೋಟುಬುಕ್ಕು ತಂದು ಅವನ ಕೈಗಿತ್ತಳು.

ಏಕನಾಥ ಹೋಟೆಲಿನಲ್ಲಿ ಆ ಮಾತು ಕೇಳಿಸಿಕೊಂಡು ಬಂದ ದಿನದ ತಾರೀಖೇ ಮೇಲಿತ್ತು. ದುಂಡಗಿನ ಅಕ್ಷರ. ಶಿವರಾಜ ಓದತೊಡಗಿದ.

ಮೊದಲನೆಯ ವಿಮಾನ ನಿಧಾನ. ತಪ್ಪು ಮಾಡಿದವನಿಗೆ ತಿದ್ದಿಕೊಳ್ಳಲು ಹೊತ್ತು ಕೊಡುತ್ತದೆ. ಎರಡನೆಯದು ಒಳ್ಳೆಯ ವಿಮಾನ, ಆದರೆ ಅವಸರದ್ದು. ಇಳಿಯುವಾಗ ಗಾಲಿ, ಮೂತಿಯಲ್ಲಿ ತಿರುಗುವ ಪಂಖದ ಕೋನ, ವೇಗ, ಎಲ್ಲವನ್ನೂ ಒಟ್ಟಿಗೆ ನೋಡಬೇಕು. ಶಿವರಾಜನ ಕೈ ಒಳ್ಳೆಯದು. ಕಿವಿ ಒಳ್ಳೆಯದಲ್ಲ, ಜನರ ಮಾತಿಗೆ ಬೇಗ ಹಿಗ್ಗುತ್ತಾನೆ, ಬೇಗ ಕುಗ್ಗುತ್ತಾನೆ. ಇನ್ನೂ ಅರವತ್ತು ಗಂಟೆ ಗುರುಗಳು ಪಕ್ಕದಲ್ಲಿ ಕೂತು ಹಾರಿಸಿದರೆ ಈ ಎರಡನೆಯದೂ ಅವನ ಕೈಗೆ ಬರುತ್ತದೆ. ಅಲ್ಲಿಯವರೆಗೆ ಒಬ್ಬನೇ ಹತ್ತಬಾರದು. ಹತ್ತಿದರೆ—

ಅವನ ದನಿ ನಿಂತಿತು.

"ಯಾಕ್ರಿ?" ಎಂದಳು ಸೋನುಬಾಯಿ. "ಅಕ್ಷರ ಹತ್ತವಲ್ಲವೇನು?"

ಅಕ್ಷರ ಚೆನ್ನಾಗಿಯೇ ಕಾಣುತ್ತಿದ್ದವು. ಹತ್ತಿದರೆ, ನನ್ನ ಕಣ್ಣೆದುರಿಗೆ ಬೆಳೆದ ಹುಡುಗ ಅವನು, ಆ ದಿನ ನಾನು ಅಲ್ಲೇ ಇರುವಂತಾಗಲಿ ಎಂದು ಬರೆದಿತ್ತು.

ಅದನ್ನೂ ಓದಿದ. ಓದಿ ಪುಸ್ತಕ ಮುಚ್ಚಿದ. ಅಮೀನಸಾಬರು ಕಂಬಕ್ಕೆ ಒರಗಿ ಅವನನ್ನೇ ನೋಡುತ್ತಿದ್ದರು.

"ಶಿವರಾಜಪ್ಪ, ಆ ವಿಮಾನದ ಹೊಟ್ಟಿಯ ಬಣ್ಣದ ವಾಸನಿ ಇನ್ನ ಹೋಗಿಲ್ಲ," ಎಂದರು, ದನಿ ಏರಿಸದೆ. "ಬಣ್ಣದ ಕೆಳಗ ತಗಡು ಹೊಸಾದು. ತಗಡಿನ ಸಂದ್ಯಾಗ ರಾಜೇಶ್ವರದ ಗರಸು ತುಂಬೇದ. ಗಾಲಿ ಮ್ಯಾಲ ನಿಂತ ವಿಮಾನದ ಹೊಟ್ಟಿಗಿ ಮಣ್ಣು ಹ್ಯಾಂಗ ಹತ್ತಿತು?"

ಶಿವರಾಜ ನೋಟುಬುಕ್ಕನ್ನು ಚಾಪೆಯ ಮೇಲಿಟ್ಟ.

"ನಾ ಆಗಿನಿಂದ ಕಾಯಾಕತ್ತೇನಿ. ಶೆಡ್ಡಿನಾಗ ಹೇಳ್ತೀರಿ ಅಂದ್ಕೊಂಡೆ. ಜೀಪಿನಾಗ ಹೇಳ್ತೀರಿ ಅಂದ್ಕೊಂಡೆ."

"ಹೇಳ್ತೀನ್ರಿ. ಹೊರಗ ನಡೀರಿ."

"ನಂಗ ಹೇಳೂದು ಬ್ಯಾಡ. ಈ ಸೋನುಬಾಯಿಗೆ ಹೇಳ್ರಿ."

ಸೋನುಬಾಯಿ ಇಬ್ಬರ ಮುಖವನ್ನೂ ನೋಡಿ, ಮೊರವನ್ನು ಪಕ್ಕಕ್ಕಿಟ್ಟು ಗೋಡೆಗೆ ಒರಗಿ ಕೂತಳು. ಶಿವರಾಜ ಚಾಪೆಯ ಅಂಚನ್ನು ನೋಡುತ್ತ ಹೇಳತೊಡಗಿದ.

ಆ ಮಂಗಳವಾರ ಮಧ್ಯಾಹ್ನ ದೇವಿದಾಸ ಕೀಲಿ ಕೊಟ್ಟು, ಒಂದು ಸುತ್ತು ಹಾರಿಸಿ ನೋಡ್ರಿ ಎಂದ. ಒಬ್ಬನೇ ಹಾರಿಸುವ ಪರವಾನಗಿ ಅವನಿಗಿರಲಿಲ್ಲ. ಹತ್ತಿದ. ಏರುವುದೇನೋ ಏರಿತು. ಹುಮನಾಬಾದಿನ ಮೇಲೆ ಹೋಗಿ, ಮಿಲ್ಲಿನ ಚಿಮಣಿಗೆ ಒಂದು ಸುತ್ತು ಹಾಕಿದ, ಅಪ್ಪ ನೋಡಲಿ ಎಂದು. ಇಳಿಯಲು ಬಂದಾಗ ಮರಡಿ ಅವನು ಅಂದುಕೊಂಡದ್ದಕ್ಕಿಂತ ಬೇಗ ಎದುರಿಗೆ ಬಂತು. ಒಳಗೆ ಕೊಂಬಿನಂಥ ಸದ್ದೊಂದು ಒಂದೇ ಸಮನೆ ಕೂಗುತ್ತಿತ್ತು. ಗಾಲಿ ಕೆಳಗಿಲ್ಲ ಎಂದು ಅದು ಹೇಳುತ್ತಿದೆ ಎಂಬುದು ಹೊಟ್ಟೆ ನೆಲಕ್ಕೆ ತಾಗುವವರೆಗೆ ಅವನಿಗೆ ಹೊಳೆಯಲಿಲ್ಲ. ಕಲಿತ ವಿಮಾನಕ್ಕೆ ಗಾಲಿ ಇಳಿಸುವ ಕೆಲಸವೇ ಇರಲಿಲ್ಲ. ಪಂಖ ನೆಲಕ್ಕೆ ಬಡಿದು ಹೂವಿನ ಎಸಳಿನಂತೆ ಹಿಂದಕ್ಕೆ ಬಾಗಿತು. ನೂರು ಗಜ ಕೆರೆದುಕೊಂಡು ಹೋಗಿ ನಿಂತಿತು.

"ಕಾಕಾ ಅಲ್ಲೇ ಇದ್ರು," ಎಂದ. "ಓಡಿ ಬಂದು ಬಾಗಲಾ ಕಿತ್ತು ನನ್ನ ಎಳಕೊಂಡ್ರು. ಪೆಟ್ರೋಲ್ ವಾಸನಿ ಬರಾಕತ್ತಿತ್ತು. ತಮ್ಮ ಮುಂಗೈ ಹರದು ರಕ್ತ ಬಂದಿದ್ದು ಅವರಿಗೇ ಗೊತ್ತಿದ್ದಿಲ್ಲ. ನಂಗ ಎಲ್ಲೆರ ಬಡದದೇನು ಅಂತ ಮೈ ಮುಟ್ಟಿ ಮುಟ್ಟಿ ನೋಡಿದ್ರು."

"ನೀವೇನಂದ್ರಿ?" ಅಮೀನಸಾಬರು ಕೇಳಿದರು.

"ಯಾರಿಗೂ ಹೇಳಬ್ಯಾಡ್ರಿ ಅಂದೆ."

ಮೊದಲು ಆಡಿದ ಮಾತು ಅದೇ. ಜೀವ ಉಳಿಸಿದಿರಿ ಎನ್ನಲಿಲ್ಲ, ಹೋಟೆಲಿನಲ್ಲಿ ಆಡಿದ್ದಕ್ಕೆ ತಪ್ಪಾಯಿತು ಎನ್ನಲಿಲ್ಲ. ಏಕನಾಥ, ದಾಖಲೆ ಪುಸ್ತಕದಲ್ಲಿ ಇದನ್ನು ಬರೆಯಲೇಬೇಕು ಎಂದ. ಹೀಗೆ ಬಡಿದು ನಿಂತ ಇಂಜಿನನ್ನು ಪೂರ್ತಿ ಬಿಚ್ಚಿ ನೋಡದೆ ಮತ್ತೊಬ್ಬರು ಹಾರಿಸಿದರೆ ಆಕಾಶದಲ್ಲೇ ಮುರಿದೀತು. ನೀನೇ ಹೋಗಿ ಗುರುಗಳ ಮುಂದೆ ಹೇಳು, ಎರಡು ದಿನ ಕಾಯುತ್ತೇನೆ ಎಂದ. ದೇವಿದಾಸ ಮಾತ್ರ, ಹೈದರಾಬಾದಿನಿಂದ ಜನ ತರಿಸಿ ಎಲ್ಲ ಸರಿಮಾಡಿಸುತ್ತೇನೆ, ನೀವು ನಾಲ್ಕು ದಿನ ಊರು ಬಿಡಿ ಎಂದ. ಶಿವರಾಜ ಆ ಸಂಜೆಯೇ ಹೈದರಾಬಾದಿನ ಬಸ್ಸು ಹತ್ತಿದ. ಗುರುಗಳ ಎದುರು ಹೋಗಲಿಲ್ಲ. ಲಾಡ್ಜಿನ ಕೋಣೆಯಲ್ಲಿ ಮಲಗಿದ್ದು ಶನಿವಾರ ಬಂದ. ಬಂದಾಗ ಏಕನಾಥ ಇರಲಿಲ್ಲ.

"ಹುಡುಕ್ರಿ ಅಂತ ನನ್ನ ಕಡಿ ಬಂದ್ರಿ. ಆದ್ರ ಹ್ಯಾಂಗ ಹುಡುಕಬೇಕೋ ಅದನ್ನ ಮುಚ್ಚಿಟ್ರಿ," ಎಂದರು ಅಮೀನಸಾಬರು. "ಆರು ದಿನ ನಾ ಬಾವಿ ಹಣಕಿ ಹಾಕ್ಕೋತ ತಿರಗೇನಿ, ಶಿವರಾಜಪ್ಪ. ಹೆಣ ಹುಡಕಾಕತ್ತಿದ್ದೆ."

ಅವನಿಗೆ ತಲೆ ಎತ್ತಲಾಗಲಿಲ್ಲ. "ಕಾಕೂ," ಎಂದ ಸೋನುಬಾಯಿಯ ಕಡೆಗೆ, "ನಂದು ತಪ್ಪಾಗೇದ." ಆ ಮಾತು ಆ ಪಡಸಾಲೆಯಲ್ಲಿ ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ, ಅವನಿಗೇ ಹೇಸಿಗೆಯಾಯಿತು.

ಸೋನುಬಾಯಿ ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದಳು. ಅವಳು ಬೆಚ್ಚಿಬೀಳಲೂ ಇಲ್ಲ ಎಂಬುದನ್ನು ಅಮೀನಸಾಬರು ಗಮನಿಸಿದರು. ಈಗ ಅವರು ಅವಳ ಕಡೆ ತಿರುಗಿ ಕೂತರು.

"ಬಾಯಿ, ಒಂದ ಮಾತ ಕೇಳ್ತೀನಿ. ಶನಿವಾರ ನಾ ಬಂದಾಗ ನೀವು ಅಳಾಕತ್ತಿದ್ರಿ, ಒಲಿ ಹಚ್ಚಿದ್ದಿಲ್ಲ. ಈ ಮಂಗಳವಾರ ಬಂದಾಗ ರೊಟ್ಟಿ ಬಡ್ಯಾಕತ್ತಿದ್ರಿ. ಇವತ್ತ ಜೋಳ ಹಸನ ಮಾಡಾಕತ್ತೀರಿ. ಗಂಡನ ಸುದ್ದಿ ಏನಂತ ನನ್ನ ಒಂದ ಮಾತ ಕೇಳಿಲ್ಲ."

ಅವಳ ಬೆರಳು ನಿಂತಿತು.

"ಆ ತಗಡು ಕೂಡಿಸಿದ್ದು ಈ ಒಂಬತ್ತು ದಿನದಾಗ. ಹೈದರಾಬಾದಿನಿಂದ ಮಂದಿ ಬಂದಿದ್ರ ರಾಜೇಶ್ವರದಾಗ ಯಾರಿಗರ ಖಬರ್ ಇರ್ತಿತ್ತು. ಯಾರೂ ಬಂದಿಲ್ಲ. ನಾ ಕೇಳೇನಿ. ಈ ಸೀಮಿಯಾಗ ಆ ಕೆಲಸ ಬಲ್ಲವ್ರು ಒಬ್ರೇ ಅದಾರ."

ಶಿವರಾಜ ತಲೆ ಎತ್ತಿದ. ಹೈದರಾಬಾದಿನವರು ಬಂದು ಸರಿಮಾಡಿದರೆಂದು ದೇವಿದಾಸ ಹೇಳಿದ್ದನ್ನು ಅವನು ನಂಬಿದ್ದ. ನಂಬಿದ್ದನೆಂದರೆ, ಶೆಡ್ಡಿನ ಕಡೆ ಹೋಗಿ ನೋಡುವ ಧೈರ್ಯವೇ ಅವನಿಗಿರಲಿಲ್ಲ. ಹೋಗಿದ್ದರೆ ಕಾಕಾನನ್ನು ಅಲ್ಲೇ ಕಾಣುತ್ತಿದ್ದ.

"ಆಣಿ ಹಾಕಿಸ್ಕೊಂಡಾರ್ರಿ," ಎಂದಳು ಸೋನುಬಾಯಿ ಕೊನೆಗೆ. "ಹೇಳಬಾರದಂತ."

"ಯಾರು?"

ಅವಳು ಶಿವರಾಜನ ಮುಖ ನೋಡಲಿಲ್ಲ. "ಇವರ ಅವ್ವಾರು."

ಭಾನುವಾರ ಮುಂಜಾನೆ ಕೇಶರಬಾಯಿ ಮಿಲ್ಲಿನ ಕಾರಿನಲ್ಲಿ ಒಬ್ಬರೇ ಬಂದಿದ್ದರಂತೆ. ಇದೇ ಚಾಪೆಯ ಮೇಲೆ ಕೂತು, ಸೋನುಬಾಯಿಯ ಎರಡೂ ಕೈ ಹಿಡಿದುಕೊಂಡು, ನಿನ್ನ ಗಂಡ ಸುರಕ್ಷಿತ ಇದ್ದಾನೆ, ಶೆಡ್ಡಿನ ಕೆಲಸ ಮುಗಿಯುವವರೆಗೆ ನಮ್ಮ ಮಿಲ್ಲಿನ ಹಿಂದಿನ ಕೋಣೆಯಲ್ಲೇ ಉಳಿಯುತ್ತಾನೆ ಎಂದರಂತೆ. ಏಕನಾಥ ಹೋದ ವಾರದ ಬುಧವಾರ ಸೈಕಲ್ ತುಳಿದುಕೊಂಡು ಹೋದದ್ದು ತುಳಜಾರಾಮ ಸಾವಕಾರರ ಹತ್ತಿರಕ್ಕೆ. ಮಗನಿಗೆ ನೀವಾದರೂ ಬುದ್ಧಿ ಹೇಳಿ ಎನ್ನಲು. ಗಂಡಹೆಂಡಿರಿಬ್ಬರೂ ಆತನ ಕಾಲು ಹಿಡಿದು, ವಿಮಾನವನ್ನು ಮೊದಲಿನಂತೆ ಮಾಡಿಕೊಟ್ಟುಬಿಡು, ಊರಿಗೆ ಗೊತ್ತಾಗುವುದು ಬೇಡ ಎಂದು ಬೇಡಿಕೊಂಡರು. ಆತ ಒಪ್ಪಿದ. ಒಂದು ಮಾತಿನ ಮೇಲೆ ಮಾತ್ರ: ದಾಖಲೆ ಪುಸ್ತಕದಲ್ಲಿ ನಡೆದದ್ದನ್ನು ಖರೇ ಬರೆಯುತ್ತೇನೆ. ಕೇಶರಬಾಯಿ ಆ ದಿನ ಬಂದದ್ದು ಆತನ ಕನ್ನಡಕ ಒಯ್ಯಲು. ಸಣ್ಣ ಮೊಳೆಗಳು ಕಾಣುತ್ತಿರಲಿಲ್ಲವಂತೆ.

"ಗುರುವಾರದೊಳಗ ಮನಿಗಿ ಕಳಸ್ತೀನಿ ಅಂದಿದ್ರು," ಎಂದಳು. "ನಿನ್ನಿ ಗುರುವಾರ ಆತು. ಒಂದ ದಿನ ಹೆಚ್ಚಕಮ್ಮಿ ಆಗಿರಬೇಕು."

ಶಿವರಾಜನ ಕಣ್ಣ ಮುಂದೆ ಮನೆಯ ಊಟದ ಪಡಸಾಲೆ ಬಂತು. ಈ ಆರು ದಿನ ಅವ್ವ ಬಡಿಸುತ್ತಿದ್ದಳು. ಅಪ್ಪ ಎದುರಿಗೆ ಕೂತು ಉಣ್ಣುತ್ತಿದ್ದ. ಕಲಿಕೆ ಹೇಗೆ ನಡೆದಿದೆ ಎಂದು ಅಪ್ಪ ಕೇಳಿದ್ದ. ಬೇಷ್ ನಡೆದಿದೆ ಎಂದು ಅವನು ಹೇಳಿದ್ದ. ಇಬ್ಬರೂ ತಲೆಯಾಡಿಸಿದ್ದರು. ಎಲ್ಲ ಗೊತ್ತಿದ್ದು ತಲೆಯಾಡಿಸಿದ್ದರು.

"ಫೋನ್ ಹಚ್ಚೋಣ ನಡೀರಿ," ಎಂದು ಅಮೀನಸಾಬರು ಎದ್ದರು.

ಸೋನುಬಾಯಿ, ನಾನೂ ಬರಲೇ ಎಂದು ಕೇಳಿದಳು. ಒಳಗೆ ಹೋಗಿ ಸೀರೆ ಬದಲಿಸಿ, ತಲೆ ಬಾಚಿ, ಕುಂಕುಮ ತಿದ್ದಿಕೊಂಡು ಬಂದಳು.

ಅಂಚೆ ಕಚೇರಿಯಲ್ಲಿ ಹುಮನಾಬಾದಿನ ಟ್ರಂಕ್ ಕಾಲ್ ಸಿಗಲು ಮುಕ್ಕಾಲು ಗಂಟೆ ಹಿಡಿಯಿತು. ಅಮೀನಸಾಬರೂ ಸೋನುಬಾಯಿಯೂ ಹೊರಗಿನ ಕಟ್ಟೆಯ ಮೇಲೆ ಕೂತರು. ಕಡೆಗೆ ಗಂಟೆ ಬಾರಿಸಿತು. ಎತ್ತಿದ್ದು ಕೇಶರಬಾಯಿಯೇ.

"ಅವ್ವ, ಏಕನಾಥ ಕಾಕಾ ಅದಾರಲ್ಲ, ಅವರಿಗೆ ಕೊಡು."

ಅವ್ವ ಮೆಲ್ಲಗೆ, ಯಾರು ಹೇಳಿದರು ನಿನಗೆ ಎಂದು ಕೇಳಿದಳು. ಅವನು ಹೆಸರು ಹೇಳಲಿಲ್ಲ.

"ನಂಗ ಯಾಕ ಹೇಳಲಿಲ್ಲವ್ವ ನೀವು?"

"ನಮಗ ಗೊತ್ತದ ಅಂತ ತಿಳದ್ರ ನೀ ನಮ್ಮ ಮುಂದ ತಲಿ ಎತ್ತತಿದ್ದಿಲ್ಲ, ಶಿವು. ಅದಕ್ಕ," ಎಂದಳು. "ಹೋಗ್ಲಿ ಬಿಡು. ಎಲ್ಲಾ ಮುಗದದ. ಮೊನ್ನಿ ಬುಧವಾರ ಮಧ್ಯಾಹ್ನನೇ ಅವರನ್ನ ಕಳಿಸೇವಿ."

"ಯಾರ ಜೋಡಿ?"

"ದೇವಿದಾಸನೇ ಬಂದಿದ್ದ. ಬಸವಕಲ್ಯಾಣಕ್ಕೇ ಹೊಂಟೇನಿ, ಮನಿ ಮುಂದ ಇಳಸ್ತೀನಿ ಅಂದ. ತನ್ನ ಕಾರಿನಾಗ ಕೂಡಿಸ್ಕೊಂಡು ಹೋದ. ಸೈಕಲ್ ಇಲ್ಲೇ ಅದ." ಆಮೇಲೆ ಕೇಳಿದಳು: "ಯಾಕಪ್ಪಾ? ಮನಿಗಿ ಬಂದಿಲ್ಲೇನು?"

ಎರಡು ದಿನವಾಗಿತ್ತು. ಹೋದ ವಾರದ ಮಂಗಳವಾರದಿಂದ ಆತನ ಮುಖವನ್ನೇ ನೋಡಿಲ್ಲ ಎಂದು ದೇವಿದಾಸ ಹೇಳಿ ಇನ್ನೂ ಮೂರು ತಾಸು ಆಗಿರಲಿಲ್ಲ. ದಾಖಲೆ ಪುಸ್ತಕದಲ್ಲಿ ಆಗಸ್ಟಿನ ನಂತರ ಒಂದು ಸಾಲೂ ಇರಲಿಲ್ಲ.

ಫೋನಿನಲ್ಲಿ ಅವ್ವ ಮತ್ತೆ ಅದನ್ನೇ ಕೇಳುತ್ತಿದ್ದಳು. ಮಾತಿನ ಸದ್ದು ಕೇಳಿ ಸೋನುಬಾಯಿ ಬಾಗಿಲು ದಾಟಿ ಒಳಗೆ ಬಂದಿದ್ದಳು. ಸೆರಗಿನಿಂದ ಅಂಗೈ ಒರೆಸಿಕೊಂಡು, ನಾಚಿಕೆಯಿಂದ ಸಣ್ಣಗೆ ನಕ್ಕು, ಫೋನಿನ ಕಡೆಗೆ ಕೈ ಚಾಚಿದಳು.

"ಅವರೇ ಅದಾರೇನ್ರಿ?" ಎಂದಳು. "ಕೊಡ್ರಿ ಇತ್ತಾಗ, ಒಂದ ಮಾತ ಆಡ್ತೀನಿ."